ಕಲಕತ್ತೆಯ ಪ್ರವೇಶಪರೀಕ್ಷೆಯೂ ನಾಗಪುರವೂ

1880ರ ದಶಕದಲ್ಲಿ ಹಿಸ್ಲಾಪ್, ಮಾರಿಸ್ ಕಾಲೇಜುಗಳು ನಾಗಪುರದಲ್ಲಿ ಸ್ಥಾಪಿತವಾದಾಗ ಈ ಪ್ರಾಂತದಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿಯ ವಿದ್ಯಾರ್ಥಿಯು ಕಲಕತ್ತೆಯ ಪ್ರವೇಶಪರೀಕ್ಷೆಯ ಹೊಸ್ತಿಲನ್ನು ದಾಟಿಯೇ ಕಾಲೇಜನ್ನು ಸೇರಬೇಕಿತ್ತು.

ಆ ಪರೀಕ್ಷೆಯ ಚರಿತ್ರೆಯಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದುಂಟು. 1857ರ ಮೂಲ ನಿಯಮಗಳಂತೆ ಇತಿಹಾಸ, ಭೂಗೋಳ, ಗಣಿತಗಳಿಗೆ ಪರೀಕ್ಷಾರ್ಥಿಯು ದೇಶಭಾಷೆಯಲ್ಲಿ ಉತ್ತರಿಸಬಹುದಿತ್ತು. ಆಂಗ್ಲಭಾಷೆ ಬೇರೆಯೇ ವಿಷಯ. 1860ರ ದಶಕದ ಆರಂಭದಲ್ಲಿಯೇ ಈ ಸೌಕರ್ಯ ರದ್ದಾಯಿತು. ಅಂದಿನಿಂದ ಗಣಿತದ ಪರೀಕ್ಷೆಯೂ ಅರ್ಧ ಆಂಗ್ಲಪರೀಕ್ಷೆಯಾಯಿತು. ಎರಡು ಖಾತೆಗಳ ಜಮಾಖರ್ಚನ್ನು ಒಂದೇ ಪುಟದಲ್ಲಿ ಬೆರೆಸಿದರೆ ಕೊರತೆ ಯಾವುದರದೆಂದು ಗುಮಾಸ್ತನಿಗೂ ತಿಳಿಯದು. (ಬ್ಯಾಂಕಿನವನ ಉಪಮಾನವನ್ನು ವಾಚಕರು ಮನ್ನಿಸಬೇಕು.) ಅನುತ್ತೀರ್ಣನಾದ ಹುಡುಗನಿಗೆ ಬೀಜಗಣಿತ ಬಾರದೋ ಇಂಗ್ಲಿಷ್ ಬಾರದೋ, ಫಲಿತಾಂಶದ ಪಟ್ಟಿ ಹೇಳುತ್ತಿರಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಪರಭಾಷಿಕರಿಗಾಗಿ 1913ರಲ್ಲಿ ತನ್ನ ಆಂಗ್ಲ ಪ್ರಾವೀಣ್ಯಪರೀಕ್ಷೆಯನ್ನು ಮೂವರೇ ಅಭ್ಯರ್ಥಿಗಳೊಡನೆ ತೊಡಗಿತು. ಇಂದಿನ ಮೇಲ್ಮಧ್ಯಮ ದರ್ಜೆಯ ಪರೀಕ್ಷೆಯ ಮೂಲರೂಪ 1939ರದು. ಅವು ಅಳೆಯುವುದು ಭಾಷೆಯನ್ನಷ್ಟೆ. ಈ ವಿವೇಕ 1857ರ ಕಲಕತ್ತೆಯಲ್ಲಿಯೂ ಇತ್ತೆಂಬುದು ನನ್ನ ಅಭಿಪ್ರಾಯ.

1923ರಲ್ಲಿ ನಾಗಪುರಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬಂದಿತು. 1940ರ ದಶಕದಲ್ಲಿ ಅದು ಹಿಂದಿ, ಮರಾಠಿಗಳನ್ನು ಬೋಧನಮಾಧ್ಯಮಗಳಾಗಿ ಅಂಗೀಕರಿಸಿದ್ದು ಸರಿಯಾದ ಕ್ರಮವೇ. ಆದರೆ ಇಲ್ಲಿಯ ಕನ್ನಡಿಗರ ಮನೆಯ ಮಕ್ಕಳಿಗೆ ಅವೆರಡೂ ಕಲಿತ ನುಡಿಗಳು. ನೆರೆಮನೆಯ ಮರಾಠಿ ಹುಡುಗನಿಗೂ ನಮ್ಮ ಹುಡುಗನಿಗೂ ಸಮಾನ ದೂರದಲ್ಲಿದ್ದುದು ಆಂಗ್ಲವೊಂದೇ. ಆ ಸಮಾನತೆಯೂ ಅಲ್ಲಿಗೆ ಸಡಿಲಿತು.