ಪೂಜಾಸಂಗೀತದ ಪ್ರತಿಗಳಿಂದ ಪಾಠ ಕಲಿತ ಬಾಖ್

ಬರೋಕ್ ಯುಗದ ಸಂಗೀತ ರಚನಕಾರರಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್‌ನಿಗೆ (1685–1750) ನಾವು ಅಗ್ರಸ್ಥಾನವನ್ನು ಕೊಡುತ್ತೇವೆ. ಆತನು ಲೂಥರನ್ ಸಂಪ್ರದಾಯದವನು; 1723ರಿಂದ ಕೊನೆಯುಸಿರಿನವರೆಗೆ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ದೇವಾಲಯ ಸಂಗೀತದ ಹೊಣೆ ಹೊತ್ತಿದ್ದವನು. ಆದರೂ ತನ್ನ ಇಳಿವಯಸ್ಸಿನಲ್ಲಿ ಆತನು ಇಟಲಿಯ ಕಥೋಲಿಕ ಸಂಗೀತಗಾರರ ಕೃತಿಗಳ ಮುಂದೆ ಶಿಷ್ಯನಂತೆ ಕುಳಿತನೆಂಬ ಸಂಗತಿ ನಮಗೆ ಮನನಯೋಗ್ಯವಾಗಿದೆ.

ಆಗ ಕಲಿಯುವ ದಾರಿಯೆಂದರೆ ಪ್ರತಿ ಮಾಡುವುದು, ಹಾಡಿಸುವುದು, ಬೇಕಾದೆಡೆ ಹೊಸದನ್ನು ಸೇರಿಸುವುದು. 1742ರ ಸುಮಾರಿಗೆ ಬಾಖ್, 1594ರಲ್ಲಿ ತೀರಿಕೊಂಡಿದ್ದ ಪಲೆಸ್ತ್ರೀನನ ಆರು ದನಿಗಳ ಪೂಜಾಸಂಗೀತವೊಂದರ ‘ಕೀರಿಯೆ’ ಮತ್ತು ‘ಗ್ಲೋರಿಯ’ ಭಾಗಗಳನ್ನು ಹಾಡಲು ಅಣಿಗೊಳಿಸಿದನು. ಹಾಡುವ ದನಿಗಳಿಗೆ ಆಸರೆಯಾಗಿ ಊದುವ ವಾದ್ಯಗಳನ್ನು ಜೋಡಿಸಿದನು. ಯಾವ ದನಿಯೂ ಮತ್ತೊಂದನ್ನು ಮೆಟ್ಟಿ ನಿಲ್ಲದ ಪ್ರಾಚೀನ ಹೆಣಿಗೆಯನ್ನು ಹೀಗೆ ಕೈಯಾರೆ ಅರಿತುಕೊಂಡನು. ಅದೇ ಕಾಲದಲ್ಲಿ ಕಲ್ದಾರ ರಚಿಸಿದ್ದ ಮರಿಯ ಮಾತೆಯ ಸ್ತುತಿಗೀತೆಯ ಒಂದು ಭಾಗಕ್ಕೆ ಎರಡು ಸ್ವತಂತ್ರ ವಾದ್ಯದನಿಗಳನ್ನು ಸೇರಿಸಿದನು. ಪೆರ್ಗೊಲೇಸಿಯು 1736ರಲ್ಲಿ ವ್ಯಾಕುಲಮಾತೆಯನ್ನು ಕುರಿತು ರಚಿಸಿದ ಕೃತಿಗೆ 51ನೆಯ ಕೀರ್ತನೆಯ ಜರ್ಮನ್ ರೂಪವನ್ನು ಹೊಂದಿಸಿದನು.

ಬಸ್ಸಾನಿಯ ಪೂಜಾಸಂಗೀತದ ಪ್ರತಿಯಲ್ಲಿ ವಿಶ್ವಾಸಸಂಗ್ರಹದ ಮೊದಲ ನುಡಿಗಳಿಗೆ ಸ್ವರಗಳಿರಲಿಲ್ಲ. ಅವನ್ನು ಯಾಜಕರೇ ಹಾಡುವುದು ವಾಡಿಕೆ. ಆ ನುಡಿಗಳಿಗೆ ಬಾಖ್ 1747–48ರ ಸುಮಾರಿಗೆ ತಾನೇ ಪುಟ್ಟ ವೃಂದಗೀತವನ್ನು ರಚಿಸಿದನು.

ಈ ಅಭ್ಯಾಸದ ಫಲವನ್ನು ನಾವು ಆತನ ‘ಬಿ ಮೈನರ್’ ಪೂಜಾಸಂಗೀತದಲ್ಲಿ ಕಾಣುತ್ತೇವೆ. ಅದರ ಮೊದಲ ಭಾಗಗಳನ್ನು 1733ರಲ್ಲಿ ಡ್ರೆಸ್ಡೆನ್ನಿನ ಕಥೋಲಿಕ ಅರಸನಿಗೆ ಅರ್ಪಿಸಿದ್ದ ಬಾಖ್, ಇಡೀ ಕೃತಿಯನ್ನು 1748–49ರಲ್ಲಿ ಪೂರ್ಣಗೊಳಿಸಿದನು. ಅದರ ವಿಶ್ವಾಸಸಂಗ್ರಹವು ಗ್ರೆಗೋರಿಯನ್ ರಾಗದಿಂದ ಆರಂಭವಾಗುತ್ತದೆ. ಆ ರಾಗವನ್ನು ಐದು ದನಿಗಳೂ ಎರಡು ವಯೊಲಿನ್‌ಗಳೂ ಒಂದಾದ ಮೇಲೊಂದು ಎತ್ತಿಕೊಂಡು ಏಳೆಳೆಯ ಹೆಣಿಗೆ ಹೆಣೆಯುತ್ತವೆ. ಪಲೆಸ್ತ್ರೀನನಿಂದ ಕಲಿತ ಶೈಲಿ, ಕಲ್ದಾರನ ಕೃತಿಯಲ್ಲಿ ಪರೀಕ್ಷಿಸಿದ ವಾದ್ಯದನಿಗಳು, ಬಸ್ಸಾನಿಗಾಗಿ ಮಾಡಿದ ಪ್ರಯತ್ನ, ಎಲ್ಲವೂ ಇಲ್ಲಿ ಸಂಗಮಿಸಿವೆ.

ಇಡೀ ಕೃತಿಯನ್ನು ಬಾಖ್ ತನ್ನ ಜೀವಿತಕಾಲದಲ್ಲಿ ಹಾಡಿಸಿದನೆಂಬುದಕ್ಕೆ ದಾಖಲೆಯಿಲ್ಲ. ಅರವತ್ತು ದಾಟಿದ ಆಚಾರ್ಯನಿಗೆ ಕಲಿಯಲು ಸಂಕೋಚವಿರಲಿಲ್ಲ. ಸಂಪ್ರದಾಯದ ಗೋಡೆಯೂ ಅಡ್ಡ ಬರಲಿಲ್ಲ. ಹಿರಿಯರು ಬಿಟ್ಟುಹೋದ ಗೀತೆಗಳನ್ನು ಶ್ರದ್ಧೆಯಿಂದ ಅಭ್ಯಾಸಮಾಡುವ ನಮ್ಮ ಗಾಯನವೃಂದಗಳಿಗೆ ಈ ವಿನಯವೇ ದಾರಿದೀಪವಾಗಲಿ.