ಕುರ್ಚಿಯ ಪಕ್ಕ ನಿಂತು ಕಲಿತವರು

ಮೆಟ್ಟುಪಾಳ್ಯಂನಲ್ಲಿ ಉಪ್ಪನ ದಿನಸಿ ಅಂಗಡಿಯ ಹತ್ತಿರವೇ ಒಂದು ಹಲ್ಲಿನ ಕ್ಲಿನಿಕ್. ನನ್ನ ತಂಗಿ ಪ್ಲಸ್ ಟು ಮುಗಿಸಿ ಅಲ್ಲಿ ಆರು ವರ್ಷ ದುಡಿದಳು. ಮೊದಲು ಚೀಟಿ ಬರೆಯುವುದು, ಆಮೇಲೆ ಸಕ್ಷನ್ ಹಿಡಿಯುವುದು, ಅಚ್ಚಿನ ಆಲ್ಜಿನೇಟ್ ಗಟ್ಟಿಯಾಗುವ ಮೊದಲೇ ಕಲಸಿ ಕೊಡುವುದು, ಆಟೋಕ್ಲೇವ್ ನೋಡಿಕೊಳ್ಳುವುದು. "121 ಡಿಗ್ರಿ, 15 ಪೌಂಡ್ ಒತ್ತಡ" ಎಂದು ಅವಳು ಹೇಳಿದಾಗ ಮೆಕ್ಯಾನಿಕಲ್ ಡಿಪ್ಲೊಮಾದ ನನಗೆ ಬಾಯ್ಲರ್ ಪಾಠ ನೆನಪಾಯಿತು. ಮದುವೆಯಾಗಿ ಮಂಗಳೂರಿಗೆ ಬಂದು ಕೆಲಸ ಕೇಳಿದರೆ ಒಂದೇ ಪ್ರಶ್ನೆ: ಸರ್ಟಿಫಿಕೇಟ್ ಎಲ್ಲಿ?

ಈ ಕೆಲಸದ ಚರಿತ್ರೆ ನೋಡಿದರೆ ಪ್ರಶ್ನೆಯೇ ವಿಚಿತ್ರ ಅನಿಸುತ್ತದೆ. ಅಮೆರಿಕದ ಬ್ರಿಡ್ಜ್‌ಪೋರ್ಟ್‌ನಲ್ಲಿ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡುವುದನ್ನು ಕ್ಲಿನಿಕ್ಕಿನಲ್ಲೇ ಕಲಿಸಿದರು. ಅವರು ಅದಕ್ಕೆಂದು ಶಾಲೆ ತೆರೆದದ್ದು 1913ರಲ್ಲಿ. ಕೆಲಸ ಮೊದಲು, ಶಾಲೆ ಆಮೇಲೆ.

ನಮ್ಮ ದೇಶದಲ್ಲಿ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತದಲ್ಲಿ ಮೊದಲ ದಂತ ಕಾಲೇಜು ಕಟ್ಟಿದರು. ಅಲ್ಲಿಯವರೆಗೂ, ಆಮೇಲೂ, ಪದವಿಯಿಲ್ಲದೆ ಹಲ್ಲು ಕೀಳುವವರು ಊರೂರಲ್ಲಿ ಇದ್ದರು. 1948ರ ದಂತವೈದ್ಯರ ಕಾಯ್ದೆ ಅವರನ್ನು ಪೂರ್ತಿ ಹೊರಗೆ ಹಾಕಲಿಲ್ಲ. ಪದವೀಧರರಿಗೆ ನೋಂದಣಿಯ 'ಎ' ಭಾಗ; ಪದವಿಯಿಲ್ಲದಿದ್ದರೂ ಕನಿಷ್ಠ 5 ವರ್ಷ ಅದೇ ವೃತ್ತಿಯಿಂದ ಬದುಕಿದ್ದವರಿಗೆ 'ಬಿ' ಭಾಗ. ಅನುಭವವನ್ನು ಸರ್ಕಾರವೇ ಲೆಕ್ಕಕ್ಕೆ ಹಿಡಿದಿತ್ತು ನೋಡಿ! ಆ ಬಾಗಿಲು ಹಳಬರಿಗೆ ಮಾತ್ರ, ಅದು ಬೇರೆ ಮಾತು. ಹಲ್ಲು ಶುಚಿ ಮಾಡುವ ಹೈಜೀನಿಸ್ಟ್‌ಗೂ, ಹಲ್ಲಿನ ಸೆಟ್ ಮಾಡುವ ಮೆಕ್ಯಾನಿಕ್‌ಗೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ನೋಂದಣಿ ಪುಸ್ತಕ ಇತ್ತು. ಕುರ್ಚಿಯ ಪಕ್ಕ ನಿಂತು ಸಕ್ಷನ್ ಹಿಡಿದವಳಿಗೆ ಯಾವ ಪುಸ್ತಕವೂ ಇರಲಿಲ್ಲ.

ಹಾಗಾಗಿ ಅವಳಿಗೆ ಸಾಕ್ಷಿ ಎಂದರೆ ವೈದ್ಯರ ಪತ್ರ ಒಂದೇ. ತಂಗಿ ಅದನ್ನು ಕೇಳಿರಲೇ ಇಲ್ಲ. ಬಿಡುವಾಗ ಕೇಳಲು ನಾಚಿಕೆಯಂತೆ. ಉಪ್ಪ ಹೋಗಿ ಕೇಳಿದರು. ಸೇರಿದ ದಿನ, ಬಿಟ್ಟ ದಿನ, ಮಾಡುತ್ತಿದ್ದ ಕೆಲಸಗಳು, ಎಲ್ಲ ಬರೆದ ಒಂದು ಪುಟ ಬಂತು. ಮನೆಯ ಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸುವವರು ಆ ಪತ್ರವನ್ನೂ, ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸನ್ನೂ ಮರೆಯಬೇಡಿ. ಸೂಜಿ ಚುಚ್ಚಿದ ಮೇಲೆ ಓಡಾಡುವುದು ಬೇಡ.

ತಂಗಿಗೆ ಈಗ ಮಂಗಳೂರಲ್ಲಿ ಕೆಲಸ ಸಿಕ್ಕಿದೆ. ಸಂಬಳ ಮಾತ್ರ ಹೊಸಬರದ್ದೇ.