ಪ್ಲೈವುಡ್ ಅರಮನೆ

ಕಿಟಕಿ ಗಾಜು ಯಾಕೆ ಒಡೀತು ಅಂತ ಕೇಳಿದ್ರೆ ನಾವು ಹೇಳೋದು ಎರಡೇ ಕಾರಣ: ಒಂದೋ ಗಾಳಿ ಜೋರಿತ್ತು, ಇಲ್ಲಾ ಮಾಲು ಕಳಪೆ. ಅಮೆರಿಕದ ಬಾಸ್ಟನ್ನಿನಲ್ಲಿರುವ ಜಾನ್ ಹ್ಯಾನ್‌ಕಾಕ್ ಟವರಿನ ವಿಷಯದಲ್ಲೂ ಮೊದಲು ಎಲ್ಲರೂ ಗಾಳಿಯನ್ನೇ ಬೈದರು.

ಐ. ಎಂ. ಪೇ ಅವರ ಸಂಸ್ಥೆಯ ಹೆನ್ರಿ ಕಾಬ್ ವಿನ್ಯಾಸ ಮಾಡಿದ 60 ಮಹಡಿಯ ಕಟ್ಟಡ ಇದು. ಎತ್ತರ 241 ಮೀಟರ್, ಮೈತುಂಬಾ ಗಾಜು. ಒಟ್ಟು 10,344 ಗಾಜುಗಳು. ಒಂದೊಂದೂ ಸುಮಾರು 4.5 ಅಡಿ ಅಗಲ, 11.5 ಅಡಿ ಎತ್ತರ. ತೂಕ 225 ಕಿಲೋ, ಅಂದ್ರೆ ನಾಲ್ಕೂವರೆ ಮೂಟೆ ಸಿಮೆಂಟು! ಕಟ್ಟಡ ಇನ್ನೂ ಮುಗಿದಿರಲಿಲ್ಲ. 1973ರ ಜನವರಿ 20ರ ರಾತ್ರಿ ಬಿರುಗಾಳಿ ಬೀಸಿತು, ಗಾಜುಗಳು ಒಡೆದು ಉದುರಿದವು. ಆಮೇಲೂ ಒಡೆಯೋದು ನಿಲ್ಲಲಿಲ್ಲ. ಗಾಳಿ ಎದ್ದರೆ ಪೊಲೀಸರು ಸುತ್ತಲಿನ ರಸ್ತೆ ಮುಚ್ಚುತ್ತಿದ್ದರು. ಖಾಲಿಯಾದ ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದರು. ಊರಿನ ಜನ 'ಪ್ಲೈವುಡ್ ಅರಮನೆ' ಅಂತ ಹೆಸರಿಟ್ಟರು. ಪುಣ್ಯಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ.

ನಿಜವಾದ ಕಾರಣ ಗೊತ್ತಾದಾಗ ನನಗಂತೂ ಆಶ್ಚರ್ಯವಾಯ್ತು. ಅವು ಜೋಡಿ ಗಾಜುಗಳು. ಎರಡು ಗಾಜಿನ ನಡುವೆ ಗಾಳಿಯ ಪದರ, ಬಿಸಿಲನ್ನು ಹಿಂದಕ್ಕೆ ತಳ್ಳಲು ಹೊರಗಾಜಿನ ಒಳಮೈಗೆ ಕನ್ನಡಿಯಂಥ ಲೇಪ. ಸುತ್ತಲಿನ ಅಂಚಿನಲ್ಲಿ ಸೀಸದ ಪಟ್ಟಿ ಇಟ್ಟು ಬೆಸುಗೆ ಹಾಕಿದ್ದರು. ಆ ಬೆಸುಗೆ ಸಡಿಲವಾಗಿತ್ತೇ? ಇಲ್ಲ ಸ್ವಾಮಿ, ಅತಿ ಗಟ್ಟಿಯಾಗಿತ್ತು! ಬಿಸಿಲಿಗೆ ಗಾಜು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಗಾಳಿಗೆ ನಡುಗುತ್ತದೆ. ಅಂಚು ಒಂದಿಷ್ಟಾದರೂ ಅಲುಗಾಡಲು ಬಿಡಬೇಕು. ಇದು ಬಿಡಲಿಲ್ಲ. ದಿನಾ ಎಳೆದಾಟ ನಡೆದೂ ನಡೆದೂ, ಬೆಸುಗೆ ಬಿಡುವ ಬದಲು ಗಾಜೇ ಅಂಚಿನಲ್ಲಿ ಚಕ್ಕೆ ಎದ್ದು ಬಿರುಕು ಬಿಟ್ಟಿತು. ಬಿರುಗಾಳಿ ಕೊನೆಯ ಏಟು ಕೊಟ್ಟಿತು ಅಷ್ಟೇ. (ಕಟ್ಟಡ ವಿಪರೀತ ತೂಗಾಡುತ್ತಿದ್ದದ್ದೂ ನಿಜ, ಅದಕ್ಕೆ 58ನೇ ಮಹಡಿಯಲ್ಲಿ 300 ಟನ್ನಿನ ಎರಡು ತೂಕಗಳನ್ನು ಕೂರಿಸಬೇಕಾಯ್ತು. ಆದರೆ ಅದು ಬೇರೆಯದೇ ರೋಗ.)

ಕೊನೆಗೆ 10,344 ಗಾಜುಗಳನ್ನೂ ಕಿತ್ತು, ಒಂಟಿ ಟಫನ್ಡ್ ಗ್ಲಾಸ್ ಹಾಕಿದರು. ನಮ್ಮೂರಿನ ಗಾಜಿನಂಗಡಿಯಲ್ಲೂ ಸಿಗುತ್ತದಲ್ಲ, ಅದೇ ಜಾತಿ. ಗಾಜನ್ನು 600 ಡಿಗ್ರಿ ದಾಟಿಸಿ ಕಾಯಿಸಿ, ತಟ್ಟನೆ ಗಾಳಿ ಊದಿ ಆರಿಸುತ್ತಾರೆ. ಹೊರಮೈ ಬಿಗಿಯುತ್ತದೆ, ಬಲ ಹಲವು ಪಟ್ಟು ಹೆಚ್ಚುತ್ತದೆ. ಒಡೆದರೂ ಕಲ್ಲುಸಕ್ಕರೆಯಂತೆ ಚೂರಾಗುತ್ತದೆ. ಆದ್ರೆ ಅದನ್ನು ಆಮೇಲೆ ಕತ್ತರಿಸೋದಕ್ಕೆ, ತೂತು ಕೊರೆಯೋದಕ್ಕೆ ಆಗಲ್ಲ. ಅಳತೆ ಮೊದಲೇ ಸರಿಯಿರಬೇಕು. ಕಟ್ಟಡ ಬಳಕೆಗೆ ತೆರೆದದ್ದು 1976ರಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಸಂಗತಿ. ಮಾಲೀಕರು, ವಿನ್ಯಾಸಕಾರರು, ಗಾಜಿನವರು ಕೋರ್ಟು ಮೆಟ್ಟಿಲೇರಿದರು. ಕೊನೆಗೆ ರಾಜಿಯಾಯ್ತು, ಷರತ್ತಿನೊಂದಿಗೆ: ಯಾರೂ ಬಾಯಿ ಬಿಡುವಂತಿಲ್ಲ. ಹಾಗಾಗಿ ಅಂಥದೇ ಕಟ್ಟಡ ಕಟ್ಟುತ್ತಿದ್ದ ಬೇರೆ ಎಂಜಿನಿಯರುಗಳಿಗೆ ಯಾವುದನ್ನು ಬಿಡಬೇಕು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಒಡೆದ ಗಾಜಿಗಿಂತ ಈ ಮೌನ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ವಾಸ್ತುಶಿಲ್ಪ ವಿಮರ್ಶಕ ರಾಬರ್ಟ್ ಕ್ಯಾಂಬೆಲ್ ಬೆಸುಗೆಯ ಕಥೆಯನ್ನು ಬಿಚ್ಚಿ ಬರೆಯುವ ಹೊತ್ತಿಗೆ 1988 ಬಂದಿತ್ತು.